ಪಿನ್ನು ಚುಚ್ಚಿದ ಪರದೆ

ಮಾರುವ ಮನೆಗೆ ಬಣ್ಣ ಬಳಿಯಲಿ, ಗುಡಿಸಲಿ, ಒರೆಸಲಿ, ಯಾರು ಬೇಡವೆಂದರು? ಆದರೆ ಕಸದ ಜೊತೆಗೆ ಬದುಕಿರುವ ಹೆಂಗಸನ್ನೂ ಗುಡಿಸಿ ಹೊರಗೆ ಹಾಕುತ್ತಾರೆಂದು ಅಕ್ಕ ಕನಸಿನಲ್ಲೂ ಎಣಿಸಿರಲಿಲ್ಲ.

ಅಪ್ಪ ಬಿಟ್ಟುಹೋದ ಮನೆ. ಅಕ್ಕನಿಗೆ ಅರ್ಧ, ತಮ್ಮನಿಗೆ ಅರ್ಧ. ತಮ್ಮ ಮದುವೆಯಾಗಿ ಬೇರೆ ಕಡೆ ಇದ್ದ. ಅಕ್ಕ ಮಾತ್ರ ಮುಂದಿನ ಕೋಣೆಯ ಕಿಟಕಿಯ ಹತ್ತಿರ ಹೊಲಿಗೆ ಯಂತ್ರ ಹಾಕಿಕೊಂಡು, ಹಾಸಿಗೆ ಹಿಡಿದ ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡು, ಅಲ್ಲೇ ಉಳಿದಿದ್ದಳು. ಮಾರೋಣವೆಂದು ಒಪ್ಪಿಸಲು ಬಂದಾಗ ತಮ್ಮನ ಬಾಯಲ್ಲಿ ಮಾತಿಗೊಮ್ಮೆ ‘ಅಕ್ಕ’, ಒಂದೊಂದರಲ್ಲೂ ಜೇನು. ಅವಳು ಕರಗಿದಳು. ತನ್ನ ಪಾಲಿನಲ್ಲಿ ಒಂದು ಪುಟ್ಟ ಅಂಗಡಿ ಹಾಕುವ ಆಸೆ ಅವಳಿಗೂ ಇತ್ತು.

ಆಮೇಲೆ ಬಂದಳು, ಮಾರುವ ಮನೆಗಳನ್ನು ಸಿಂಗರಿಸುವವಳು. ಕೊಳ್ಳಲು ಬಂದವರು ಅಲ್ಲಿ ತಮ್ಮ ಬದುಕನ್ನೇ ಕಾಣಬೇಕಂತೆ. ಇದ್ದವರ ಗುರುತು ಇರಕೂಡದಂತೆ. ಅಮ್ಮನ ಫೋಟೊ ಮೆಟ್ಟಿಲ ಕೆಳಗಿನ ಗೂಡು ಸೇರಿತು. ಅದೇ ಮೊಳೆಗೆ ಹಲ್ಲು ಕಿರಿಯುವ ಯಾರೋ ಗಂಡ ಹೆಂಡತಿಯ ಚಿತ್ರ ಬಂತು, ಅದೂ ಬಾಡಿಗೆಯದು. ಮೇಜಿನ ಮೇಲೆ ಪ್ಲಾಸ್ಟಿಕ್ ಸೇಬು. ಹೊಲಿಗೆ ಯಂತ್ರಕ್ಕೆ ಬಿಳಿ ಬಟ್ಟೆ ಹೊದಿಸಿ ಮೇಲೊಂದು ಹೂದಾನಿ ಇಟ್ಟರು. ಗಿರಾಕಿಗಳು ಬಂದು ಹೋಗುವ ತನಕ ಈ ಕಡೆ ಸುಳಿಯಬೇಡ ಎಂದ ತಮ್ಮ. ಅದನ್ನೂ ನುಂಗಿಕೊಂಡಳು.

ನುಂಗಲಾಗದೆ ಹೋದದ್ದು ಪರದೆ. ಹೊರಡುವಾಗ ನೋಡುತ್ತಾಳೆ, ಹೊಸ ಪರದೆಯ ಅಂಚು ಹೊಲಿದೇ ಇಲ್ಲ. ಮಡಚಿ ಸಾಲಾಗಿ ಗುಂಡುಪಿನ್ನು ಚುಚ್ಚಿದ್ದಾರೆ. ಹೊಲಿದೇ ಹೊಟ್ಟೆ ಹೊರೆದವಳ ಮನೆಯಲ್ಲಿ ಇಂಥ ಪರದೆಯೇ? ಸೂಜಿ ದಾರ ತೆಗೆದು ನೆಲದ ಮೇಲೆ ಕೂತೇಬಿಟ್ಟಳು. ಬಟ್ಟೆ ಕೈಗೆ ಬಂದರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬಾಗಿಲು ತೆರೆಯಿತು. ಮುಂದೆ ತಮ್ಮ, ಹಿಂದೆ ಮನೆ ನೋಡಲು ಬಂದ ದಂಪತಿ. ಇವರು ಯಾರು ಎಂದು ಆ ಹೆಂಗಸು ಕೇಳಿದಳು. ತಮ್ಮ ತಡವರಿಸಲೂ ಇಲ್ಲ.

“ಪರದೆ ಹೊಲಿಯೋಕೆ ಬಂದಿರೋಳು. ಈಗ ಹೋಗ್ತಾಳೆ.”

ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಸಿದವಳು ಇವಳು. ಎಷ್ಟು ಸಲೀಸಾಗಿ ಹೇಳಿದ, ಪಾಪಿ. ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಬಂದವರದೇನು ತಪ್ಪು ಎಂದು ಹಲ್ಲು ಕಚ್ಚಿಕೊಂಡು ಹೊಲಿಗೆ ಮುಗಿಸಿದಳು. ಆ ಹೆಂಗಸು ಬಗ್ಗಿ ಅಂಚು ಮುಟ್ಟಿ ನೋಡಿ ಮೆಚ್ಚಿದಳು. ಮನೆ ತಮ್ಮದಾದರೆ ಕೆಲಸಕ್ಕೆ ನಿಮ್ಮನ್ನೇ ಕರೆಯುತ್ತೇವೆ ಎಂದಳು. ತನ್ನದೇ ಮನೆಗೆ ಕೂಲಿಗೆ ಬರಬೇಕು!

ಅವರನ್ನು ಕಳಿಸಿ ಬಂದ ತಮ್ಮನ ಮುಖ ಊರಗಲವಾಗಿತ್ತು.

“ಒಪ್ಪಿದ್ರು ಅಕ್ಕ. ನಾಳೆ ಬಂದು ಸಹಿ ಹಾಕಿಬಿಡು ಅಕ್ಕ.”

ಜೇನು ವಾಪಸ್ಸು ಬಂದಿತ್ತು. ಅಕ್ಕ ಹೂದಾನಿ ಎತ್ತಿ ಅವನ ಕೈಗೆ ಕೊಟ್ಟಳು. ಯಂತ್ರದ ಮೇಲಿನ ಬಿಳಿ ಬಟ್ಟೆ ಎಳೆದು ಬಿಸಾಡಿದಳು. ಗೂಡಿನಿಂದ ಅಮ್ಮನ ಫೋಟೊ ತಂದು, ಹಲ್ಲು ಕಿರಿಯುವವರನ್ನು ಇಳಿಸಿ, ಅದೇ ಮೊಳೆಗೆ ಹಾಕಿದಳು.

“ಪರದೆ ಹೊಲಿಯೋಳ ಸಹಿ ನಿಂಗ್ಯಾಕಪ್ಪ? ಅವರನ್ನ ವಾಪಸ್ ಕರ್ಕೊಂಡ್ ಬಾ. ನಾನು ಯಾರು ಅಂತ ಅವರ ಮುಂದೆ ಹೇಳು. ಸಹಿ ಮಾತು ಆಮೇಲೆ.”

ಕಿಟಕಿಯ ಹತ್ತಿರ ಕೂತು ಅವಳು ಯಂತ್ರ ತುಳಿಯತೊಡಗಿದಳು. ತಮ್ಮ ಹೂದಾನಿ ಹಿಡಿದುಕೊಂಡು ನಿಂತೇ ಇದ್ದ.