ಎಪ್ಪತ್ತೊಂದು ಪರ್ಸೆಂಟಿಗೆ ನಿಂತದ್ದು

ಬೆಳಿಗ್ಗೆ ಎಂಟೂವರೆಗೆ ಕಂಪ್ಯೂಟರು ಮೂರನೇ ಸಲ ಕಲ್ಲಾಯಿತು. ಫೈಲು ಸೇವ್ ಆಗುತ್ತಾ ಎಪ್ಪತ್ತೊಂದು ಪರ್ಸೆಂಟಿಗೆ ಬಂದದ್ದೇ ತಡ, ಪರದೆ ಇದ್ದಲ್ಲೇ ನಿಂತಿತು. ಮೌಸ್ ಅಲ್ಲಾಡಲಿಲ್ಲ. ತಂಗಿ ಹಲ್ಲು ಕಚ್ಚಿ ಪವರ್ ಬಟನ್ ಒತ್ತಿ ಹಿಡಿದಳು.

ಪಾಠದ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅವಳ ಉದ್ಯೋಗ. ಇವತ್ತಿನದು ಮಾತ್ರ ಮನೆಯ ಕೆಲಸ. ಹೋದ ವಾರ ಭಾವ ಓಡಿಸುತ್ತಿದ್ದ ಬಸ್ಸಿಗೆ ಸ್ಕೂಟರೊಂದು ಬಡಿದು ಸವಾರನ ಕಾಲು ಮುರಿದಿತ್ತು. ತಪ್ಪು ಯಾರದೆಂದು ಡಿಪೋದಲ್ಲಿ ಹನ್ನೊಂದಕ್ಕೆ ವಿಚಾರಣೆ. ಬಸ್ಸಿನ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ಆದರೆ ಆ ಫೈಲು ಡಿಪೋದ ಕಂಪ್ಯೂಟರಿನಲ್ಲಿ ತೆರೆಯುತ್ತಿರಲಿಲ್ಲ, ಬೇರೆ ರೂಪದಲ್ಲಿ ಸೇವ್ ಮಾಡಿ ತನ್ನಿ ಎಂದಿದ್ದರು.

"ಆಯ್ತೇನೇ?" ಅಕ್ಕ ಬಾಗಿಲಿಂದ ಕೇಳಿದಳು.

"ಐದು ನಿಮಿಷಕ್ಕೊಂದ್ಸಲ ನೀನು ಕೇಳಿದ್ರೆ ಅದೇನು ಹೆದರ್ಕೊಂಡು ಓಡುತ್ತಾ?"

ನಡುಮನೆಯಲ್ಲಿ ಭಾವ ಶತಪಥ ಹಾಕುತ್ತಿದ್ದ.

ತಂಗಿ ಉಳಿದ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿದಳು. ಬೇರೆ ಡಿಸ್ಕಿಗೆ ಸೇವ್ ಮಾಡಿ ನೋಡಿದಳು. ಗುಣಮಟ್ಟ ಇಳಿಸಿದಳು. ಮತ್ತದೇ ಎಪ್ಪತ್ತೊಂದು. ಕೊನೆಗೆ ಕಂಪ್ಯೂಟರ್ ರಿಪೇರಿ ಮಾಡುವ ಗೆಳತಿಗೆ ಫೋನ್ ಮಾಡಿದಳು. ಎಲ್ಲರೂ ಅವಳನ್ನು ಡಾಕ್ಟ್ರು ಎನ್ನುತ್ತಿದ್ದರು.

"ಒಂದೇ ಜಾಗದಲ್ಲಿ ನಿಲ್ತಿದೆ ಅಂದ್ರೆ ಮಿಷಿನ್ ತಪ್ಪಲ್ಲ ಕಣೇ, ವಿಡಿಯೋದಲ್ಲೇ ಹುಳುಕಿದೆ," ಎಂದಳು ಡಾಕ್ಟ್ರು. "ತುಂಡು ಮಾಡಿ ಒಂದೊಂದೇ ಸೇವ್ ಮಾಡು."

ಎಲ್ಲ ತುಂಡುಗಳೂ ಸೇವ್ ಆದವು, ಒಂದರ ಹೊರತು. ಅದು ಭಾವ ಬ್ರೇಕ್ ಒತ್ತಿದ ನಾಲ್ಕು ಸೆಕೆಂಡು. ಕ್ಯಾಮೆರಾ ಕುಲುಕಿ ಅಷ್ಟು ಭಾಗ ಕೆಟ್ಟಿತ್ತು. ಮೂಲ ಫೈಲು ಅವಳ ಕಂಪ್ಯೂಟರಿನಲ್ಲಿ ತಡವರಿಸಿಯಾದರೂ ಓಡುತ್ತಿತ್ತು, ಸೇವ್ ಮಾತ್ರ ಸುತರಾಂ ಆಗದು.

"ಅಷ್ಟು ಬಿಟ್ಟು ಉಳಿದಿದ್ದು ಕೊಡು," ಎಂದಳು ಅಕ್ಕ.

"ಬೇಡ," ಬೆಳಗಿನಿಂದ ಮೊದಲ ಬಾರಿ ಭಾವ ಬಾಯಿಬಿಟ್ಟ. "ಬೇಕಾದ್ದು ಕತ್ತರಿಸ್ಕೊಂಡು ಬಂದಿದ್ದಾನೆ ಅಂತಾರೆ."

ಗಂಟೆ ಹತ್ತಾಗಿತ್ತು. ತಂಗಿ ಎದ್ದು ವೈರುಗಳನ್ನು ಕಿತ್ತಳು. "ಫೈಲು ಬರಲ್ಲ ಅಂದ್ರೆ ಕಂಪ್ಯೂಟರೇ ಬರುತ್ತೆ. ಅಕ್ಕಾ, ಎರಡು ಬೆಡ್‌ಶೀಟ್ ಕೊಡು!"

ಟ್ಯಾಕ್ಸಿಯಲ್ಲಿ ಬೆಡ್‌ಶೀಟ್ ಸುತ್ತಿದ ಮಾನಿಟರ್ ಭಾವನ ತೊಡೆಯ ಮೇಲೆ, ಕಂಪ್ಯೂಟರಿನ ಪೆಟ್ಟಿಗೆ ತಂಗಿಯ ತೊಡೆಯ ಮೇಲೆ. ಡಿಪೋದ ಕಾವಲುಗಾರ ಗಂಟುಗಳನ್ನು ನೋಡಿ, "ಮನೆ ಖಾಲಿ ಮಾಡ್ಕೊಂಡು ಬಂದ್ರಾ?" ಎಂದ.

ಅಧಿಕಾರಿ ಹುಬ್ಬೇರಿಸಿದರೂ ಮೇಜಿನ ಕಡತಗಳನ್ನು ಸರಿಸಿ ಜಾಗ ಮಾಡಿಕೊಟ್ಟ. ವಿಡಿಯೋ ಓಡಿತು. ಬಸ್ಸಿಗೆ ಹಸಿರು ದೀಪ. ಪಕ್ಕದ ರಸ್ತೆಯಿಂದ ಸ್ಕೂಟರ್ ಅಡ್ಡ ನುಗ್ಗಿತು. ಚಿತ್ರ ಎರಡು ಸಲ ನಡುಗಿತು, ನಿಲ್ಲಲಿಲ್ಲ. ತಂಗಿಗೆ ಹೋದ ಜೀವ ಬಂದಂತಾಯಿತು. ಅಧಿಕಾರಿ ಮೂರು ಸಲ ನೋಡಿದ. ಮೂರು ಸಲವೂ ಭಾವ ಗೋಡೆಯ ಕಡೆ ಮುಖ ತಿರುಗಿಸಿದ್ದ.

"ತಪ್ಪು ನಿಮ್ಮದಲ್ಲ. ನಾಳೆಯಿಂದ ಡ್ಯೂಟಿಗೆ ಬನ್ನಿ."

ಹೊರಗೆ ಬಂದು ಎಲ್ಲವನ್ನೂ ಮತ್ತೆ ಟ್ಯಾಕ್ಸಿಗೆ ತುಂಬಿದರು. ಭಾವ ಮಾತ್ರ ಹತ್ತಲಿಲ್ಲ.

"ನೀನು ನಡಿ. ನಾನು ಆಸ್ಪತ್ರೆಗೆ ಹೋಗಿ ಆ ಸ್ಕೂಟರ್ ಹುಡುಗನ್ನ ನೋಡ್ಕೊಂಡು ಬರ್ತೀನಿ."

"ತಪ್ಪು ನಿಮ್ಮದಲ್ಲ ಅಂದ್ರಲ್ಲ ಭಾವ?"

"ಅದಕ್ಕೇ ಈಗ ಹೋಗ್ಬಹುದು. ಮುಂಚೆನೇ ಹೋಗಿದ್ರೆ ಪುಸಲಾಯಿಸೋಕೆ ಬಂದ ಅಂದ್ಕೊಳ್ತಿದ್ದ."

ಟ್ಯಾಕ್ಸಿಯ ಬಾಗಿಲು ಹಾಕಿ, ಎದುರಿನಿಂದ ಬಂದ ಬಸ್ಸಿಗೆ ಕೈ ತೋರಿಸುತ್ತಾ ಅವನು ಓಡಿದ.