ಎರಡನೇ ಹಾಡಿನ ಗೀರು

ಆ ಗಾಯಕನ ಹಾಡುಗಳಲ್ಲಿ ಯಾರೂ ಗೋಳಾಡುವುದಿಲ್ಲ, ಯಾರೂ ಯಾರಿಗೂ ಶಾಪ ಹಾಕುವುದಿಲ್ಲ. ಊಟ ಮುಗಿಸಿ ಕುರ್ಚಿಗೆ ಒರಗಿದವರ ಕಣ್ಣೆಳೆಯುವಂಥ ಮೆತ್ತನೆಯ ದನಿ, ಹಿಂದೊಂದಿಷ್ಟು ಪಿಟೀಲು, ಅಷ್ಟೇ. ಜನ ಅವನನ್ನು ಮರೆತು ಯಾವ ಕಾಲವಾಯಿತೋ. ಟೈಲರಮ್ಮನ ತಾಯಿ ಮಾತ್ರ ಲೋಕವನ್ನೆಲ್ಲ ಮರೆತು ಅವನೊಬ್ಬನನ್ನು ನೆನಪಿಟ್ಟುಕೊಂಡಿದ್ದಳು.

ಗಂಡ ತೀರಿಕೊಂಡದ್ದೂ ಅವಳ ತಲೆಯಲ್ಲಿ ನಿಂತಿರಲಿಲ್ಲ. ಸಂಜೆಯಾದರೆ "ಹಾಡು ಹಾಕಿ" ಎಂದು ಶುರು. ಹಾಕದಿದ್ದರೆ ಬಾಗಿಲು ಬಡಿದು ಬೀದಿಗೆಲ್ಲ ಕೇಳುವಂತೆ ಕೂಗು. ಹಾಕೋಣವೆಂದರೆ ಗ್ರಾಮಫೋನ್ ರೆಕಾರ್ಡು ಎಲ್ಲಿದೆ? ಸಾವಿನ ಗಡಿಬಿಡಿಯಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಕಿಟಕಿಯ ಬಿಸಿಲಿಗಿಟ್ಟಿದ್ದರಿಂದ ಅದು ಒಣಗಿದ ಎಲೆಯಂತೆ ಸೊಟ್ಟಗಾಗಿತ್ತು.

"ಮೇಲಿನ ಮನೆಯವರು ಇನ್ನೊಂದ್ಸಲ ದೂರು ಹೇಳಿದ್ರೆ ನಾನು ಸುಮ್ನಿರಲ್ಲ. ವೃದ್ಧಾಶ್ರಮದಲ್ಲಿ ಜಾಗ ನೋಡಿಟ್ಟಿದೀನಿ," ಎಂದು ಅಣ್ಣ ಖಡಾಖಂಡಿತವಾಗಿ ಹೇಳಿ ಹೋದ. ಅವನಿಗೇನು, ಬಂದ, ಹೋದ. ಅಮ್ಮನನ್ನು ಗುರುತಿಲ್ಲದವರ ಕೈಗೆ ಒಪ್ಪಿಸುವುದು ಟೈಲರಮ್ಮನಿಂದ ಆಗದ ಮಾತು.

ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದಳು. ಕೊನೆಗೊಬ್ಬ ಅಂಗಡಿಯವನು ಧೂಳಿನ ರಾಶಿಯಿಂದ ಅದೇ ರೆಕಾರ್ಡಿನ ಇನ್ನೊಂದು ಪ್ರತಿಯನ್ನು ಎಳೆದು, ಅಂಚಷ್ಟೇ ಹಿಡಿದು ದೀಪಕ್ಕೆ ಓರೆ ಮಾಡಿ ತೋರಿಸಿದ.

"ನೋಡಿ, ಒಂದೇ ಒಂದು ಗೀರಿಲ್ಲ. ಇಟ್ಕೊಂಡಿದ್ದೋರು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದಾರೆ."

ಸಂಜೆ ಅಮ್ಮ ಕೈಕಟ್ಟಿ ಕೂತು ಮೊದಲ ಹಾಡು ಕೇಳಿದಳು. ಎರಡನೆಯದರ ನಡುವೆ "ಇನ್ನೊಂದು ಸಂಜೆ" ಎಂಬ ಮಾತು ಬಂತು. ಅಮ್ಮ ಬೆರಳೆತ್ತಿ ಅಪ್ಪನ ಕುರ್ಚಿಯ ಕಡೆ ತಿರುಗಿದಳು. ಹಾಡು ನಿಲ್ಲದೆ ಮುಂದಕ್ಕೆ ಹೋಯಿತು. ಎತ್ತಿದ ಬೆರಳು ಹಾಗೇ ಉಳಿಯಿತು.

"ಇದು ನಮ್ಮನೆ ಅಲ್ಲ. ಯಾರು ನೀನು? ನನ್ನ ಮನೆಗೆ ಕಳಿಸು ನನ್ನ!"

ಮೇಲಿನ ಮನೆಯ ಕಿಟಕಿ ದಢಾರನೆ ತೆರೆಯಿತು.

ಆಗ ಟೈಲರಮ್ಮನಿಗೆ ಹೊಳೆಯಿತು. ಹಳೆಯ ರೆಕಾರ್ಡು ಸರಿಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಗಡಗಡದಲ್ಲಿ ಅವಳಿಗದು ಅರ್ಧಂಬರ್ಧ ಕೇಳುತ್ತಿತ್ತಷ್ಟೇ. ಅಪ್ಪ ಪೇಪರು ಬದಿಗಿಟ್ಟು, "ನಿನ್ನ ಗಾಯಕನಿಗೆ ಬಿಕ್ಕಳಿಕೆ ಬಂತು ಕಣೇ" ಎನ್ನುತ್ತ ಎದ್ದು ಹೋಗಿ ಗ್ರಾಮಫೋನಿನ ಮುಳ್ಳನ್ನು ಬೆರಳಿಂದ ಮುಂದೆ ತಳ್ಳುತ್ತಿದ್ದ. ದಿನಾ ಅದೇ ಮಾತು, ದಿನಾ ಅಮ್ಮನ ಅದೇ ನಗು.

ಮರುದಿನ ರೆಕಾರ್ಡು ಹಿಡಿದು ಅಂಗಡಿಗೆ ಹೋದಳು. "ಇದನ್ನ ಒಂದು ಜಾಗದಲ್ಲಿ ಹಾಳು ಮಾಡ್ಬೇಕು. ಹೇಗೆ ಹೇಳಿ."

"ತಲೆ ನೆಟ್ಟಗಿದೆಯಾ ನಿಮ್ಗೆ?" ಎಂದು ರೇಗಿದ ಅಂಗಡಿಯವನು, ಕಥೆ ಕೇಳಿದ ಮೇಲೆ ಮೆತ್ತಗಾದ. ಮೇಜಿನ ಮೇಲೆ ಉಗುರಿನಿಂದ ಗೆರೆ ಎಳೆದ. "ಹೀಗೆ ಓರೆಯಾಗಿ ಗೀರಿದ್ರೆ ಮುಳ್ಳು ಹಿಂದಕ್ಕೆ ಜಾರುತ್ತೆ. ಆದ್ರೆ ನನ್ನ ಕಣ್ಮುಂದೆ ಬೇಡ ತಾಯಿ."

ಮನೆಗೆ ಬಂದು ಹೊಲಿಗೆ ಸೂಜಿಯಿಂದ ಗೀರಿದಳು. ಸೂಜಿ ಹಿಡಿದ ಅವಳ ಕೈ ತಪ್ಪುವುದುಂಟೇ? ಹಾಡು ಅಲ್ಲೇ ಸಿಕ್ಕಿಕೊಂಡಾಗ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡಳು.

ಅವತ್ತು ಸಂಜೆ "ಇನ್ನೊಂದು ಸಂಜೆ, ಇನ್ನೊಂದು ಸಂಜೆ" ಎಂದು ಹಾಡು ತಡವರಿಸಿದ್ದೇ ತಡ, ಅಮ್ಮ ಬೆರಳೆತ್ತಿದಳು, ಮುಖ ಅರಳಿತು.

"ಬಂತು ನೋಡಿ ಬಿಕ್ಕಳಿಕೆ! ರೀ, ಏಳಿ."

ಟೈಲರಮ್ಮ ಏಳಹೋದಳು.

"ನೀನ್ಯಾಕೆ ಏಳ್ತೀಯ? ಕೂತ್ಕೋ. ಅದು ಅವರ ಕೆಲಸ."

ಕೂತಳು. ಇಷ್ಟು ದೂರ ಯೋಚಿಸಿರಲಿಲ್ಲ ಅವಳು. ಹಾಡು ಅಲ್ಲೇ ಸುತ್ತುತ್ತಿತ್ತು. ಅಮ್ಮ ಇನ್ನೆರಡು ಸಲ ಕರೆದಳು. ಖಾಲಿ ಕುರ್ಚಿಯನ್ನೇ ನೋಡುತ್ತ ಬೆರಳನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು.

"ಇಷ್ಟು ಹೊತ್ತಾದ್ರೂ ಏಳ್ಲಿಲ್ಲ ಅಂದ್ರೆ... ಹೋಗ್ಬಿಟ್ರು, ಅಲ್ವೇನೇ?"

"ಹೂಂ ಅಮ್ಮ."

ಅಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮೇಲಿನ ಮನೆಗೆ ಕೇಳಿಸುವ ಅಳು ಅದಾಗಿರಲಿಲ್ಲ. ಟೈಲರಮ್ಮ ಮುಳ್ಳು ಎತ್ತಿಟ್ಟು, ಅಮ್ಮನನ್ನು ತಬ್ಬಿಕೊಂಡು ತಾನೂ ಅತ್ತಳು.

ಮಾರನೆಯ ಸಂಜೆ ಅಮ್ಮ ಮುಖ ತೊಳೆದು, ತಲೆ ಬಾಚಿಕೊಂಡು ತನ್ನ ಜಾಗದಲ್ಲಿ ಕೂತಿದ್ದಳು.

"ಹಾಡು ಹಾಕೇ. ನಿಮ್ಮಪ್ಪ ಇನ್ನೇನು ಬರೋ ಹೊತ್ತು."

ಹಾಕದಿದ್ದರೆ ಕೂಗು, ಕೂಗಿದರೆ ಅಣ್ಣ. ಟೈಲರಮ್ಮ ಕವರಿನಿಂದ ರೆಕಾರ್ಡು ತೆಗೆದು, ಒರೆಸಿ, ಮುಳ್ಳು ಇಳಿಸಿ ಬಂದು ಅಮ್ಮನ ಪಕ್ಕ ಕೂತಳು. ಮೊದಲ ಹಾಡು ಮುಗಿದು ಎರಡನೆಯದು ಶುರುವಾಯಿತು.