ಓಡದ ಕುದುರೆ

“ಹಾಡೇ ಬುರುಲ್, ಹಾಡು! ಬಾಯಿಗೇನು ಬೀಗ ಬಿದ್ದಿದೆಯಾ?” ಕಾಲಿಪಾ ಅತ್ತೆ ಮೊಣಕೈಯಿಂದ ತಿವಿದಳು.

ಬುರುಲ್ ಯೂರ್ತದ, ಆ ದುಂಡು ಗುಡಾರದ, ಉಣ್ಣೆಗೋಡೆಗೆ ಮುಖ ಮಾಡಿ, ಎರಡೂ ಕೈ ಸೊಂಟಕ್ಕೆ ಊರಿ ಕುಳಿತಿದ್ದಳು. ಬೆನ್ನ ಹಿಂದೆ, ಪರದೆಯ ಆಚೆ, ಅಪ್ಪ ಮಲಗಿದ್ದ. ಬಿಷ್ಕೆಕ್‌ನ ಈ ನಾಲ್ಕಂತಸ್ತಿನ ಮನೆಗಳ ಅಂಗಳದಲ್ಲಿ ಅಕ್ಕಪಕ್ಕದವರು ಕಾರು ಸರಿಸಿ ಜಾಗ ಮಾಡಿಕೊಟ್ಟಿದ್ದರು. ಬೆಟ್ಟದ ಸೀಮೆ ನಾರಿನ್‌ನಿಂದ ಲಾರಿಯಲ್ಲಿ ಬಂದ ನೆಂಟರು ಅಲ್ಲೇ ಯೂರ್ತ ಎಬ್ಬಿಸಿದ್ದರು. ಹೊರಗೆ ಗಂಡಸರು ಸೊಂಟ ಬಿಗಿದು, ಕೋಲಿಗೆ ಬಾಗಿ ಸಾಲಾಗಿ ನಿಂತಿದ್ದರು. ಹೊಸಬರು ಬಂದಾಗಲೆಲ್ಲ ಅವರು ದನಿಯೆತ್ತಿ ಅಳಬೇಕು, ಒಳಗಿನಿಂದ ಮಗಳು ಸತ್ತವನ ಬದುಕನ್ನು ಹೇಳುವ ಕೊಶೋಕ್ ಹಾಡಿ ಅಳಬೇಕು. ಬೆಳಗಿನಿಂದ ಬುರುಲ್‌ಳ ಬಾಯಿಂದ ಬಂದದ್ದು “ಅಪ್ಪಾ” ಎಂಬ ಒಂದೇ ಮಾತು.

“ನಂಗೆ ಬರಲ್ಲ ಅತ್ತೆ.”

“ಬರೋದೇನಿದೆ ಅದ್ರಲ್ಲಿ? ಏನಾಗಿ ಬಾಳಿದ ಅಂತ ಹೇಳು, ರಾಗ ತಾನಾಗೇ ಹಿಂದೆ ಬರುತ್ತೆ. ನಮಾಜು ಮುಗೀತಿದ್ದಂಗೆ ಎತ್ತುತ್ತಾರೆ. ಹೊಟ್ಟೇಲಿ ಹುಟ್ಟಿದ ಮಗಳಿದ್ದೂ ನನ್ನಣ್ಣ ಮೂಗನ ಹಾಗೆ ಹೋಗ್ಬೇಕಾ?”

ಏನಾಗಿ ಬಾಳಿದ ಎಂದು ಹೇಳುವುದೇ ಕಷ್ಟವಾಗಿತ್ತು. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿಯಿತು, ಗಂಡಸರ ಅಳು ಎದ್ದಿತು, ಇಳಿಯಿತು. ಅಪ್ಪ ದುಡಿದಿದ್ದ ಆಕ್-ಬೆಲ್ ಸಿನಿಮಾ ಸ್ಟುಡಿಯೋದ ಈಗಿನ ಯಜಮಾನ ಎಮಿಲ್ ಬಂದಿದ್ದ.

“ಇಲ್ಲಿ ಒಂದು ಮೇಜು ಹಾಕಿಸ್ತೀರಾ? ಲ್ಯಾಪ್‌ಟಾಪ್ ತಂದಿದ್ದೀನಿ. ಮಾಂಬೆತ್ ಅವರ ಇಡೀ ಜೀವಮಾನದ ಕೆಲಸ ಇದು, ಬಂದವರೆಲ್ಲ ನೋಡ್ಲಿ,” ಎಂದು ಅವನು ಯಾರಿಗೋ ಹೇಳುತ್ತಿದ್ದ. ನೆಲಮಹಡಿಯ ಮನೆಯೊಂದರ ಕಿಟಕಿಯಿಂದ ವಯರು ಎಳೆದರು. ಒಂದು ಗಳಿಗೆಯಲ್ಲಿ ನಗಾರಿ ಮೊಳಗಿತು, ಗೊರಸಿನ ಸದ್ದು ದಡದಡನೆ ಬಂತು, ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. ಆ ಸದ್ದನ್ನು ಆರಿಸಿ ಜೋಡಿಸಿದವಳು ಬುರುಲ್.

* * *

ಆಕ್-ಬೆಲ್‌ನ ಯಾವ ಸಿನಿಮಾ ಶುರುವಾದರೂ ಮೊದಲು ಬರುತ್ತಿದ್ದದ್ದು ಅಪ್ಪ ಮಾಂಬೆತ್ ಬರೆದ ಕುದುರೆ. ಅದು ಓಡುವ ಕುದುರೆಯಲ್ಲ, ಜೋರ್ಗೋ. ಒಂದೇ ಮಗ್ಗುಲಿನ ಎರಡು ಕಾಲನ್ನೂ ಒಟ್ಟಿಗೆ ಎತ್ತಿಟ್ಟು ತೇಲಿದಂತೆ ಸಾಗುವ ಜಾತಿ. ಮೇಲೆ ಕುಳಿತ ಸವಾರನ ಕೈಯಲ್ಲಿ ಕುದುರೆಯ ಹುಳಿಹಾಲು ಕುಮಿಸ್ ತುಂಬಿದ ಬಟ್ಟಲು. ಬೆಟ್ಟದ ಈ ಮಗ್ಗುಲಿಂದ ಆ ಮಗ್ಗುಲಿಗೆ ಕುದುರೆ ಹೋಗುತ್ತದೆ, ಬಟ್ಟಲಿನಿಂದ ಒಂದು ಹನಿ ಚೆಲ್ಲುವುದಿಲ್ಲ. ಆಮೇಲೆ ಆ ಬಟ್ಟಲೇ ದೊಡ್ಡದಾಗಿ ಅದರೊಳಗೆ ಸ್ಟುಡಿಯೋದ ಹೆಸರು ಮೂಡುತ್ತದೆ. ಒಂದೊಂದು ಚಿತ್ರವನ್ನೂ ಕೈಯಲ್ಲೇ ಬರೆದಿದ್ದ. ಬುರುಲ್ ಹುಟ್ಟುವ ಮೊದಲಿನ ಮಾತು ಅದು.

ಸಿನಿಮಾಗೆ ಬಣ್ಣ ಬಂದಾಗ ಕುದುರೆಗೆ ಬಣ್ಣ ಬಳಿದ. ಆಮೇಲೆ ಕುಡಿತದ ಮೇಲೆ ಸರ್ಕಾರ ಮುನಿದ ಕಾಲ ಬಂತು. ಕುಮಿಸ್‌ನಲ್ಲಿ ಅಮಲಿದೆ, ಬಟ್ಟಲು ತೆಗೆಯಿರಿ ಎಂದರು ಮೇಲಿನವರು. “ಹಾಗಾದ್ರೆ ತೊಟ್ಟಿಲ ಮಕ್ಕಳೂ ಕುಡುಕರೇ ಸರಿ,” ಎಂದು ಅಮ್ಮ ಬೈದಳು. ಅಪ್ಪ ಬಟ್ಟಲು ತೆಗೆದ. ಸವಾರ ಬರಿಗೈ ಚಾಚಿಕೊಂಡು, ಭಿಕ್ಷೆಗೆ ಹೊರಟವನಂತೆ, ಎಷ್ಟೋ ವರ್ಷ ಹೋದ. ದೇಶ ಒಡೆದು ಸ್ಟುಡಿಯೋ ಖಾಸಗಿಯವರ ಕೈಗೆ ಬಿದ್ದಾಗ, ಸವಾರನ ಟೋಪಿ ಹಳ್ಳಿಗುಗ್ಗುವಿನ ಹಾಗಿದೆ ಎಂದು ಸವಾರನನ್ನೇ ಇಳಿಸಿದರು. ಪ್ರತಿಸಲವೂ ಅಪ್ಪ ಮನೆಗೆ ಬಂದು, ಬೂಟು ಬಿಚ್ಚುತ್ತಾ, ಒಂದೇ ಮಾತು ಹೇಳುತ್ತಿದ್ದ:

“ಇರ್ಲಿ ಬಿಡು. ನಡಿಗೆ ಮುಟ್ಟಿಲ್ಲವಲ್ಲ.”

* * *

“ಇದ್ಯಾರ ಕುದುರೆ ಮಾರಾಯಾ?”

ಉಣ್ಣೆಗೋಡೆಯ ಆಚೆ ಸಾದಿರ್ ದೊಡ್ಡಪ್ಪನ ದನಿ. ಅಪ್ಪನ ಅಣ್ಣ, ಬದುಕೆಲ್ಲ ಬೆಟ್ಟದಲ್ಲಿ ಕುದುರೆಯ ಹಿಂದೆಯೇ ಕಳೆದವನು.

“ಮಾಂಬೆತ್ ಅವರದ್ದೇ ತಾತ. ನಮ್ಮ ಸ್ಟುಡಿಯೋ ಗುರುತು,” ಎಂದ ಎಮಿಲ್.

“ನನ್ನ ತಮ್ಮನದ್ದಾ? ಥೂ, ಇದು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡ್ತಿದೆಯಲ್ಲಯ್ಯಾ. ಅವನದ್ದು ನಮ್ಮಪ್ಪನ ಜೋರ್ಗೋ. ಅದರ ಬೆನ್ನ ಮೇಲೆ ಕೂತೇ ನಾವಿಬ್ರೂ ನಿದ್ದೆ ಮಾಡ್ತಿದ್ವಿ. ಯಾವ ಅಬ್ಬೇಪಾರಿ ಕೆಡಿಸಿದ ಇದನ್ನ?”

ಎಮಿಲ್ ಕೆಮ್ಮಿದ. “ಅವರ ಮಗಳೇ ಮಾಡಿದ್ದು ತಾತ. ಕಂಪ್ಯೂಟರಿನಲ್ಲಿ.”

ಮುದುಕನ ಕೋಲು ನೆಲ ಕುಟ್ಟುತ್ತಾ ದೂರ ಸರಿಯಿತು. ಬೈದಿದ್ದರೆ ಬುರುಲ್‌ಗೆ ಒಂದಿಷ್ಟು ಹಗುರವಾಗುತ್ತಿತ್ತು. ಕಾಲಿಪಾ ಅತ್ತೆ ಪಕ್ಕದಲ್ಲಿ ಕುಳಿತಿದ್ದ ಮನೆತನದ ಸೊಸೆಯಂದಿರ ಕಡೆ ನೋಡಿದಳು, ಸೊಸೆಯಂದಿರು ನೆಲ ನೋಡಿದರು.

* * *

ಗೊತ್ತಿಲ್ಲದೆ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆದರೆ ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಪ್ಪ ಅವಳನ್ನು ತನ್ನ ಬೆನ್ನ ಮೇಲೆ ಕೂರಿಸಿಕೊಂಡು, ಒಂದು ಮಗ್ಗುಲಿನ ಕೈಕಾಲು ಒಟ್ಟಿಗೆ ಎತ್ತುತ್ತಾ ಅಡುಗೆಮನೆಯಿಂದ ಜಗಲಿಯವರೆಗೆ ಹೋಗುತ್ತಿದ್ದ. “ಚೆಲ್ಲಬಾರದು, ಚೆಲ್ಲಬಾರದು,” ಎನ್ನುತ್ತಿದ್ದ. ಬಟ್ಟಲು ಎಂದರೆ ಅವಳೇ.

“ಹೊರದೇಶದವರು ಕುದುರೆ ಕುಂಟುತ್ತಾ ಅಂತ ಕೇಳ್ತಾರೆ ಬುರುಲ್. ಓಡಿಸು, ಧೂಳೆಬ್ಬಿಸು,” ಎಂದಿದ್ದ ಎಮಿಲ್. ಅದು ಕುಂಟುವುದಲ್ಲ ಎಂದು ಹೇಳಲು ಅವಳು ಬಾಯಿ ತೆರೆದಿದ್ದಳು. ಅದು ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ತೆರೆದ ಬಾಯಿಯಿಂದ “ಆಯ್ತು” ಎಂದು ಬಂತು.

ಮೊದಲ ಪ್ರದರ್ಶನಕ್ಕೆ ಅಪ್ಪನನ್ನು ಕರೆದೊಯ್ದಳು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದ. ದೀಪ ಆರಿತು, ನಗಾರಿ ಮೊಳಗಿತು, ಕುದುರೆ ಬೆಟ್ಟ ಸೀಳಿಕೊಂಡು ಓಡಿತು. ಜನ ಚಪ್ಪಾಳೆ ತಟ್ಟಿದರು. ಅಪ್ಪನೂ ತಟ್ಟಿದ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ,

“ಧೂಳು ಚೆನ್ನಾಗಿ ಬಂದಿದೆ ಮಗಳೇ. ಪಾಪ, ಯಾವೂರಿಗೆ ಹೊರಟಿದೆ ಇಷ್ಟು ಅವಸರದಲ್ಲಿ?” ಎಂದ.

ಅವಳು ತಮಾಷೆ ಎಂದುಕೊಂಡು ನಕ್ಕಿದ್ದಳು. ಆಮೇಲೆ ಅವನು ಕುದುರೆಯ ಮಾತನ್ನೇ ಎತ್ತಲಿಲ್ಲ. ಅವಳೂ ಕೇಳಲಿಲ್ಲ, ನಾಳೆ ಕೇಳಿದರಾಯಿತು ಎಂದು ದಿನ ತಳ್ಳಿದಳು.

* * *

“ಬಂದ್ರು, ಎತ್ತೋಕೆ ಬಂದ್ರು,” ಎಂದಳು ಕಾಲಿಪಾ ಅತ್ತೆ. “ನಾನು ಹೇಳ್ತೀನಿ, ನೀನು ನನ್ನ ಹಿಂದೆ ಹೇಳು. ಅಷ್ಟಾದ್ರೂ ಮಾಡು.” ಎಲ್ಲ ಸಾವಿಗೂ ಒಪ್ಪುವ ಹಳೆಯ ಸಾಲು ಎತ್ತಿಕೊಂಡಳು:

“ಬೆಟ್ಟದಂಥಾ ಅಪ್ಪಯ್ಯಾ...”

“ಬೆಟ್ಟದಂಥಾ ಅಪ್ಪಯ್ಯಾ,” ಎಂದಳು ಬುರುಲ್. ದನಿ ಒಡೆದಿತ್ತು, ಆದರೆ ಬಂತು.

“ಗಾಳಿ ಹಿಂದೆ ಹಾಕುವಾ ಓಟದಾ ಕುದುರೆ ಏರಿ ಹೋದ್ಯಾ...”

ಅತ್ತೆ ತಿವಿದಳು. ಹೊರಗೆ ಗೊರಸು ದಡದಡಿಸಿತು, ನಿಂತಿತು, ಮತ್ತೆ ದಡದಡಿಸಿತು.

“ಓಟದ್ದಲ್ಲ,” ಎಂದಳು ಬುರುಲ್. ಆಮೇಲೆ, ಯಾರೂ ಹೇಳಿಕೊಡದೆ, ರಾಗ ತಾನಾಗೇ ಎದ್ದಿತು. “ಓಟದ್ದಲ್ಲ ಅಪ್ಪಯ್ಯಾ, ಜೋರ್ಗೋ ನಿಂದು ಜೋರ್ಗೋ... ಕೈಯ ಬಟ್ಟಲು ಕಸಿದರೂ, ಕೂತವನ್ನ ಇಳಿಸಿದರೂ, ನಡಿಗೆ ಬಿಡದ ಜೋರ್ಗೋ... ನಡಿಗೆ ಕಸಿದ ಕೈ ನಂದು ಅಪ್ಪಯ್ಯಾ, ನನ್ನ ಕೈಯೇ...”

ಹೊರಗೆ ಸಾದಿರ್ ದೊಡ್ಡಪ್ಪ ಪದ್ಧತಿಯಂತೆ “ತಮ್ಮಾ, ನನ್ನ ತಮ್ಮಾ” ಎಂದು ಕೂಗುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ. ಆಮೇಲೆ ಕೇಳಿಸಿದ್ದು ಪದ್ಧತಿಯ ಅಳುವಲ್ಲ.

ಎತ್ತಿದರು. ಹೆಗಲಿನಿಂದ ಹೆಗಲಿಗೆ ಬದಲಿಸುತ್ತಾ ಗಂಡಸರು ಬಿರುಸಾಗಿ ಗೇಟು ದಾಟಿದರು. ಹೆಂಗಸರು ಅದಕ್ಕಿಂತ ಮುಂದೆ ಹೋಗುವಂತಿಲ್ಲ. ಖಾಲಿಯಾದ ಅಂಗಳದಲ್ಲಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇನ್ನೂ ಮೊಳಗುತ್ತಿತ್ತು.

ಬುರುಲ್ ಅದರ ಬಳಿ ಹೋದಳು. ಕಣ್ಣು ಮಂಜಾಗಿ ಯಾವ ಗುಂಡಿ ಒತ್ತಬೇಕೋ ಕಾಣಲಿಲ್ಲ. ಕಿಟಕಿಯಿಂದ ಬಂದಿದ್ದ ವಯರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಕಿತ್ತುಕೊಂಡು ಕಾಲ ಬಳಿ ಬಿತ್ತು.

ಲ್ಯಾಪ್‌ಟಾಪಿನೊಳಗೆ ಬ್ಯಾಟರಿ ಇತ್ತು. ಕುದುರೆ ಧೂಳೆಬ್ಬಿಸುತ್ತಾ ಓಡುತ್ತಲೇ ಇತ್ತು.